ಕಿಂಬರ್ಲಿಯಲ್ಲಿ ಕಟ್ಟದೆ ಉಳಿದ ಊರು: ಡಾ. ಐಸಾಕ್ ಸ್ಟೈನ್‌ಬರ್ಗ್ ಅವರ ಜೀವನ

ಸಂಘದ ಸ್ಥಾಪನಾ ದಿನೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಿ ಎಂದು ಸಂಪಾದಕ ಮಿತ್ರರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಬಹುಶಃ ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮಂಡಿನೋವಿನ ಬಗೆಗಿನ ಬರಹ. ವೈದ್ಯರೆಂದ ಮೇಲೆ ಅಷ್ಟನ್ನು ನಿರೀಕ್ಷಿಸುವುದು ಸಹಜವೇ. ಆದರೆ ಈ ಬಾರಿ ಓದುಗರ ಕ್ಷಮೆ ಕೋರಿ ಆಸ್ಪತ್ರೆಯ ಹೊರಗಿನ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ತಮ್ಮ ಜನರಿಗಾಗಿ ಈ ದೇಶದಲ್ಲಿ ಒಂದು ಬೇಸಾಯದ ಊರನ್ನು ಕಟ್ಟಬೇಕೆಂದು ಬಂದು, ನಾಲ್ಕು ವರ್ಷ ಬಾಗಿಲು ಬಾಗಿಲು ತಟ್ಟಿ, ಬರಿಗೈಯಲ್ಲಿ ಹಿಂತಿರುಗಿದ ಒಬ್ಬ ಹಿರಿಯರ ಜೀವನ ವೃತ್ತಾಂತ ಇದು.

ಅವರ ಹೆಸರು ನಮ್ಮ ಕಿವಿಗೆ ಬಿದ್ದದ್ದು ಆಕಸ್ಮಿಕವಾಗಿ. ಕೆಲವು ವರ್ಷಗಳ ಹಿಂದೆ ಪಶ್ಚಿಮ ಆಸ್ಟ್ರೇಲಿಯಾದ ಉತ್ತರದ ತುದಿಯಲ್ಲಿ ಕೆಲವು ವಾರಗಳ ಮಟ್ಟಿಗೆ ಬದಲಿ ವೈದ್ಯರಾಗಿ ಕೆಲಸ ಮಾಡುವ ಅವಕಾಶ ಒದಗಿತು. ಮಕ್ಕಳಿಗೆ ಶಾಲೆಯ ರಜೆ ಇದ್ದುದರಿಂದ ಮನೆಮಂದಿಯೆಲ್ಲ ಹೊರಟೆವು. ಕುನನರಾ ಎಂಬ ಆ ಪುಟ್ಟ ಪಟ್ಟಣ ಪರ್ತ್ ನಗರದಿಂದ ರಸ್ತೆಯಲ್ಲಿ 3,000 ಕಿಲೋಮೀಟರಿಗೂ ದೂರ. ಒಂದು ಸಂಜೆ ಊರ ಹೊರಗೆ ಕಾರಿನಲ್ಲಿ ಹೋಗುತ್ತಿರುವಾಗ ರಸ್ತೆಯ ಬದಿಯಲ್ಲಿ ಸಾಲುಸಾಲಾಗಿ ನಿಂತಿದ್ದ ಮರಗಳನ್ನು ಕಂಡು ಗಾಡಿ ನಿಲ್ಲಿಸಿದೆವು. ಎಲೆ ನೋಡಿದರೆ ಗುರುತು, ಕಪ್ಪು ಬಣ್ಣದ ಪುಟ್ಟ ಹಣ್ಣು ನೋಡಿದರೆ ಇನ್ನೂ ಗುರುತು. ಸಂಶಯವೇ ಇರಲಿಲ್ಲ, ಅದು ನಮ್ಮ ಶ್ರೀಗಂಧ! ಮೈಸೂರು ಸೀಮೆಯ ಬೇಲಿಗಳಲ್ಲಿ, ಕುರುಚಲು ಕಾಡಿನಲ್ಲಿ ತಾನಾಗಿ ಹುಟ್ಟುವ ಮರವನ್ನು ಇಲ್ಲಿ ಕಾಲುವೆಯ ನೀರು ಹಾಯಿಸಿ ತೋಟದಂತೆ ಬೆಳೆಸಿದ್ದರು. ಮಕ್ಕಳಿಗೆ ಅದರ ಮಹತ್ವ ಹೇಳುತ್ತಾ ಅಲ್ಲೇ ಅರ್ಧ ಗಂಟೆ ನಿಂತೆವು.

ಈ ಗಂಧ ಇಲ್ಲಿಗೆ ಬಂದುದು ಹೇಗೆ ಎಂಬ ಕುತೂಹಲದಿಂದ ಆ ಪ್ರದೇಶದ ಚರಿತ್ರೆಯನ್ನು ಓದತೊಡಗಿದಾಗ, ಗಂಧಕ್ಕಿಂತ ಮೊದಲು ಅದೇ ನೆಲಕ್ಕೆ ಬರಬೇಕಾಗಿದ್ದ, ಆದರೆ ಬರಲಾಗದೆ ಹೋದ ಒಂದು ಜನಸಮೂಹದ ಕಥೆ ಸಿಕ್ಕಿತು. ಅದರ ನಾಯಕರೇ ಡಾ. ಐಸಾಕ್ ನಾಹ್ಮನ್ ಸ್ಟೈನ್‌ಬರ್ಗ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಟೈನ್‌ಬರ್ಗ್ ಅವರು ಹುಟ್ಟಿದ್ದು 1888ರ ಜುಲೈ ತಿಂಗಳಲ್ಲಿ, ರಷ್ಯಾ ಸಾಮ್ರಾಜ್ಯದ ದ್ವಿನ್ಸ್ಕ್ ಪಟ್ಟಣದಲ್ಲಿ. ಈ ಪಟ್ಟಣ ಈಗ ಲಾಟ್ವಿಯಾ ದೇಶದಲ್ಲಿದ್ದು ದೌಗಾವ್‌ಪಿಲ್ಸ್ ಎಂಬ ಹೆಸರಿನಿಂದ ಕರೆಯಲ್ಪಡುತ್ತದೆ. ಅವರದು ಧರ್ಮನಿಷ್ಠ ಯಹೂದಿ ಮನೆತನ. ಆ ಕಾಲದ ರಷ್ಯಾದಲ್ಲಿ ಯಹೂದಿಗಳ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ಹೇಳಬೇಕು. ಸಾಮ್ರಾಜ್ಯದ ಪಶ್ಚಿಮದ ಗಡಿಭಾಗದ ಕೆಲವು ಪ್ರಾಂತ್ಯಗಳಲ್ಲಿ ಮಾತ್ರ ಅವರು ವಾಸಿಸಬಹುದಾಗಿತ್ತು. 1882ರ ಕಾಯಿದೆಗಳ ನಂತರ ಆ ಪ್ರಾಂತ್ಯಗಳಲ್ಲಿಯೂ ಹಳ್ಳಿಗಳಿಗೆ ಹೊಸದಾಗಿ ಹೋಗಿ ನೆಲೆಸುವಂತಿರಲಿಲ್ಲ, ಹೊಲ ಗದ್ದೆ ಕೊಳ್ಳುವಂತಿರಲಿಲ್ಲ. ಹೀಗೆ ನೆಲದಿಂದ ದೂರವಿರಿಸಿದ ಜನರನ್ನೇ, ಇವರಿಗೆ ಬೇಸಾಯ ಬಾರದು, ಬರೀ ವ್ಯಾಪಾರ ಮಾಡುವವರು ಎಂದು ಹಳಿಯುವುದೂ ನಡೆದಿತ್ತು. ಕೈಕಟ್ಟಿ ಹಾಕಿ ಈಜಲು ಬರುವುದಿಲ್ಲವೆಂದು ನಕ್ಕಂತೆ!

ಮಾಸ್ಕೋದಲ್ಲಿ ಕಾನೂನು ಓದುತ್ತಿದ್ದಾಗ ತರುಣ ಸ್ಟೈನ್‌ಬರ್ಗ್ ಸಮಾಜವಾದಿ ಕ್ರಾಂತಿಕಾರಿ ಪಕ್ಷವನ್ನು ಸೇರಿದರು. ಇದು ರಷ್ಯಾದ ರೈತರ ಪಕ್ಷ. ದೇವರಾಜ ಅರಸರ ಕಾಲದಲ್ಲಿ ನಮ್ಮ ಹಳ್ಳಿಹಳ್ಳಿಗಳಲ್ಲಿ ಕೇಳಿಬಂದ, ಉಳುವವನೇ ಹೊಲದೊಡೆಯ ಎಂಬ ತತ್ತ್ವವೇ ಹೆಚ್ಚುಕಡಿಮೆ ಅದರ ಜೀವಾಳವಾಗಿತ್ತು. ಪಕ್ಷದ ಕೆಲಸಕ್ಕಾಗಿ ಬಂಧನಕ್ಕೊಳಗಾದ ಅವರು ದೇಶ ಬಿಟ್ಟು ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು. ಅಲ್ಲಿ ಯಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್‌ನಲ್ಲಿ ಅಪರಾಧದ ವಿಚಾರವನ್ನು ಕುರಿತು ಪ್ರಬಂಧ ಬರೆದು 1910ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಆದ್ದರಿಂದ ಅವರ ಹೆಸರಿನ ಹಿಂದಿನ ಡಾ. ಎಂಬುದು ನಮ್ಮಂತೆ ಸ್ಟೆತಸ್ಕೋಪಿನದಲ್ಲ, ವಿದ್ವತ್ತಿನದು. ಕ್ರಾಂತಿಯ ಸಹವಾಸದಲ್ಲಿಯೂ ಅವರು ತಮ್ಮ ಧರ್ಮಾಚರಣೆಯನ್ನು ಬಿಡಲಿಲ್ಲ. ಸಬ್ಬತ್ ದಿನದ ನಿಯಮ, ಊಟದ ಮಡಿ ಎಲ್ಲವನ್ನೂ ಕೊನೆಯವರೆಗೆ ಪಾಲಿಸಿದರು.

ಲೆನಿನ್ ಸರಕಾರದಲ್ಲಿ ನ್ಯಾಯ ಮಂತ್ರಿ

1917ರ ಅಕ್ಟೋಬರ್ ಕ್ರಾಂತಿಯ ನಂತರ ಲೆನಿನ್ನರ ಬೋಲ್ಶೆವಿಕ್ ಪಕ್ಷ ಎಡ ಸಮಾಜವಾದಿ ಕ್ರಾಂತಿಕಾರಿಗಳನ್ನು ಜೊತೆಗೆ ಸೇರಿಸಿಕೊಂಡು ಸರಕಾರ ನಡೆಸಿತು. ಆ ಸರಕಾರದಲ್ಲಿ 1917ರ ಡಿಸೆಂಬರಿನಲ್ಲಿ ಸ್ಟೈನ್‌ಬರ್ಗ್ ನ್ಯಾಯ ಇಲಾಖೆಯ ಹೊಣೆ ಹೊತ್ತರು. ಆಗ ಅವರಿಗೆ ಇನ್ನೂ 29 ವರ್ಷ. ಹೊಸದಾಗಿ ಹುಟ್ಟಿದ್ದ ಚೆಕಾ ಎಂಬ ರಹಸ್ಯ ಪೊಲೀಸ್ ದಳ ಜನರನ್ನು ಮನಸ್ಸಿಗೆ ಬಂದಂತೆ ಹಿಡಿದು ಶಿಕ್ಷಿಸುತ್ತಿದ್ದುದನ್ನು ತಡೆಯಲು ಅವರು ತಮ್ಮ ಶಕ್ತಿಮೀರಿ ಪ್ರಯತ್ನಿಸಿದರು. ವಿಚಾರಣೆಯಿಲ್ಲದೆ ಕೊಲ್ಲುವುದಾದರೆ ನ್ಯಾಯ ಇಲಾಖೆಯಾದರೂ ಏಕೆ ಬೇಕು ಎಂಬುದು ಅವರ ಮೂಲಭೂತ ತಕರಾರು. ಅಧಿಕಾರದಲ್ಲಿದ್ದುದು ಕೆಲವೇ ತಿಂಗಳು. ಜರ್ಮನಿಯೊಡನೆ ಮಾಡಿಕೊಂಡ ಬ್ರೆಸ್ತ್-ಲಿತೊವ್ಸ್ಕ್ ಒಪ್ಪಂದವನ್ನು ವಿರೋಧಿಸಿ 1918ರ ಮಾರ್ಚಿನಲ್ಲಿ ಅವರ ಪಕ್ಷ ಸರಕಾರದಿಂದ ಹೊರಬಂದಿತು. ಒಂದು ಕಾಲಕ್ಕೆ ದೇಶದ ನ್ಯಾಯ ಮಂತ್ರಿಯಾಗಿದ್ದವರು ಅದೇ ದೇಶದ ಸೆರೆಮನೆಯನ್ನು ಕಂಡರು. 1923ರಲ್ಲಿ ಸಂಸಾರದೊಡನೆ ಜರ್ಮನಿಗೆ ಬಂದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅಲ್ಲಿಂದಲೂ ಕಾಲ್ತೆಗೆದು ಲಂಡನ್ ಸೇರಿದರು.

ಹತ್ತು ವರ್ಷಗಳಲ್ಲಿ ಎರಡು ದೇಶಗಳನ್ನು ಕಳೆದುಕೊಂಡ ಈ ಅನುಭವ ಅವರ ಮುಂದಿನ ಬದುಕಿನ ದಾರಿಯನ್ನು ನಿಶ್ಚಯಿಸಿತು. ತಮ್ಮ ಜನರಿಗೆ ತುರ್ತಾಗಿ ಬೇಕಾಗಿರುವುದು ರಾಜ್ಯವಲ್ಲ, ಧ್ವಜವಲ್ಲ, ಉತ್ತು ಬಿತ್ತಿ ಬದುಕಲು ಒಂದಿಷ್ಟು ನೆಲ ಎಂಬ ನಿರ್ಧಾರಕ್ಕೆ ಅವರು ಬಂದರು.

ನೆಲದ ಹುಡುಕಾಟ

ಯಹೂದಿಗಳು ಬೇಸಾಯಕ್ಕೆ ಮರಳಬೇಕೆಂಬ ಯೋಚನೆ ಸ್ಟೈನ್‌ಬರ್ಗ್ ಅವರಿಂದ ಶುರುವಾದುದಲ್ಲ. ಅರ್ಜೆಂಟೀನಾದ ಮೊಯಿಸೆಸ್ ವಿಲ್ಯೆ ಎಂಬಲ್ಲಿ 1889ರಷ್ಟು ಹಿಂದೆಯೇ ರಷ್ಯಾದಿಂದ ಬಂದ ಯಹೂದಿ ರೈತರು ಊರು ಕಟ್ಟಿದ್ದರು. ನಮ್ಮ ಆಸ್ಟ್ರೇಲಿಯಾದಲ್ಲೇ ವಿಕ್ಟೋರಿಯಾ ರಾಜ್ಯದ ಶೆಪರ್ಟನ್ ಪಟ್ಟಣದ ಬಳಿ, ಆರ್‌ವೇಲ್ ಎಂಬ ಹಳ್ಳಿಯಲ್ಲಿ, 1910ರ ದಶಕದಿಂದ ಕೆಲವು ಯಹೂದಿ ಕುಟುಂಬಗಳು ಹಣ್ಣಿನ ತೋಟ ಮಾಡಿಕೊಂಡು ಬಾಳಿದವು. 1903ರಲ್ಲಿ ಬ್ರಿಟಿಷ್ ಸರಕಾರ ಪೂರ್ವ ಆಫ್ರಿಕಾದಲ್ಲಿ ಭೂಮಿ ಕೊಡುವ ಮಾತನ್ನಾಡಿದಾಗ ಯಹೂದಿಗಳಲ್ಲೇ ಎರಡು ಪಕ್ಷಗಳಾದವು. ಪ್ಯಾಲೆಸ್ಟೈನ್ ಒಂದನ್ನು ಬಿಟ್ಟು ಬೇರೆ ನೆಲ ಬೇಡವೆಂದವರು ಹೆಚ್ಚು. ಎಲ್ಲಿ ಸಿಕ್ಕರೂ ಸರಿ, ಜನ ಉಳಿಯಬೇಕು ಎಂದವರು ಕಡಿಮೆ. ಈ ಎರಡನೆಯ ಗುಂಪನ್ನು ಲೇಖಕ ಇಸ್ರೇಲ್ ಜಾಂಗ್‌ವಿಲ್ ಅವರು 1905ರಲ್ಲಿ ಸಂಘಟಿಸಿದ್ದರು. ಅವರ ಸಂಸ್ಥೆ ಮುಚ್ಚಿಹೋಗಿ ಹತ್ತು ವರ್ಷಗಳ ಮೇಲೆ, 1935ರಲ್ಲಿ, ಅದೇ ಗುರಿಯಿಟ್ಟುಕೊಂಡು ಲಂಡನ್ನಿನಲ್ಲಿ ಫ್ರೀಲ್ಯಾಂಡ್ ಲೀಗ್ ಎಂಬ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾಗಿ ಸ್ಟೈನ್‌ಬರ್ಗ್ ಅದರ ಮುಖ್ಯ ದನಿಯಾದರು.

ಈ ಸಂಸ್ಥೆಗೆ ಇನ್ನೊಂದು ಕಾಳಜಿಯೂ ಇತ್ತು. ಪೂರ್ವ ಯುರೋಪಿನ ಯಹೂದಿಗಳ ಮನೆಮಾತು ಯಿದ್ದಿಶ್. ಆ ಭಾಷೆ, ಅದರ ಹಾಡು, ಕಥೆ, ನಾಟಕ ಉಳಿಯಬೇಕಾದರೆ ಅದನ್ನಾಡುವ ಜನ ಒಂದೆಡೆ ಒಟ್ಟಿಗೆ ನೆಲೆಸಬೇಕು ಎಂಬುದು ಅವರ ನಂಬಿಕೆ. ಒಬ್ಬೊಬ್ಬರಾಗಿ ಚದುರಿದರೆ ಪ್ರಾಣ ಉಳಿದೀತು, ಮಾತು ಉಳಿಯದು. ಕನ್ನಡ ಸಂಘ ಕಟ್ಟಿಕೊಂಡಿರುವ ನಮಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳ ಪ್ರತಿನಿಧಿಗಳು ನಿರಾಶ್ರಿತರ ಸಮಸ್ಯೆಯನ್ನು ಚರ್ಚಿಸಲು ಸೇರಿದರು. ಆಸ್ಟ್ರೇಲಿಯಾದ ಪ್ರತಿನಿಧಿಯಾಗಿ ಹೋಗಿದ್ದ ಮಂತ್ರಿ, ತಮ್ಮ ದೇಶದಲ್ಲಿ ಜನಾಂಗದ ಸಮಸ್ಯೆ ಇಲ್ಲವಾದ್ದರಿಂದ ಅದನ್ನು ಹೊರಗಿನಿಂದ ತಂದುಕೊಳ್ಳುವ ಇಚ್ಛೆಯೂ ಇಲ್ಲವೆಂಬ ಅಭಿಪ್ರಾಯ ಕೊಟ್ಟು ಬಂದರು. ಆ ವರ್ಷದ ಕೊನೆಗೆ, ಮೂರು ವರ್ಷಗಳಲ್ಲಿ 15,000 ನಿರಾಶ್ರಿತರನ್ನು ಸೇರಿಸಿಕೊಳ್ಳಲು ಸರಕಾರ ಒಪ್ಪಿತು. ಆದರೆ ಯುದ್ಧ ಬಂದುದರಿಂದ ಅಷ್ಟು ಜನ ಬಂದು ಸೇರಲಾಗಲಿಲ್ಲ.

ಪರ್ತ್ ನಗರಕ್ಕೆ

ಇಷ್ಟರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಒಂದು ಆಸೆಯ ಎಳೆ ಕಂಡಿತ್ತು. ಪೂರ್ವ ಕಿಂಬರ್ಲಿಯಲ್ಲಿ ಕಾನರ್, ಡೊಹರ್ಟಿ ಅಂಡ್ ಡ್ಯೂರಾಕ್ ಎಂಬ ಕಂಪನಿ ವಿಶಾಲವಾದ ದನ ಮೇಯಿಸುವ ಭೂಮಿ ಹೊಂದಿತ್ತು. ಈ ಡ್ಯೂರಾಕ್ ಮನೆತನದವರು 1880ರ ದಶಕದಲ್ಲಿ ನಮ್ಮ ಕ್ವೀನ್ಸ್‌ಲ್ಯಾಂಡಿನ ಪಶ್ಚಿಮ ಭಾಗದಿಂದಲೇ ಸಾವಿರಾರು ದನಗಳನ್ನು ಹೊಡೆದುಕೊಂಡು, ವರ್ಷಗಟ್ಟಲೆ ನಡೆದು ಕಿಂಬರ್ಲಿ ಸೇರಿದವರು. ಕಂಪನಿಯ ಪಾಲುದಾರ ಮೈಕೆಲ್ ಪ್ಯಾಟ್ರಿಕ್ ಡ್ಯೂರಾಕ್ ಅವರು ಭೂಮಿ ಮಾರಲು ಸಿದ್ಧರಿದ್ದರು. ಸುಮಾರು 70 ಲಕ್ಷ ಎಕರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹಾಸನ, ಮಂಡ್ಯ, ಮೈಸೂರು, ತುಮಕೂರು ಈ ನಾಲ್ಕು ಜಿಲ್ಲೆಗಳನ್ನು ಒಟ್ಟು ಸೇರಿಸಿದಷ್ಟು!

1939ರ ಮೇ 23ರಂದು ಸ್ಟೈನ್‌ಬರ್ಗ್ ಪರ್ತ್ ತಲುಪಿದರು. ವಯಸ್ಸು 50, ಗಡ್ಡಧಾರಿ, ಇಂಗ್ಲಿಷ್ ಅವರ ಹುಟ್ಟುಭಾಷೆಯಲ್ಲ, ಪರಿಚಿತರು ಯಾರೂ ಇಲ್ಲ. ಮೊದಲು ಕಿಂಬರ್ಲಿಗೆ ಹೋಗಿ ಭೂಮಿಯನ್ನು ಕಣ್ಣಾರೆ ನೋಡಿ ಬಂದರು. ಮಳೆಗಾಲದಲ್ಲಿ ತುಂಬಿ ಹರಿದು ಸಮುದ್ರ ಸೇರುವ ಆರ್ಡ್ ನದಿ, ಅದರ ದಡದ ಕರಿಮಣ್ಣಿನ ಬಯಲು, ವರ್ಷದ ಅರ್ಧ ಭಾಗ ಒಂದು ಹನಿಯೂ ಬೀಳದ ಒಣ ಹವೆ, ಇವೆಲ್ಲವನ್ನೂ ಲೆಕ್ಕ ಹಾಕಿದರು. ನೀರನ್ನು ತಡೆದು ನಿಲ್ಲಿಸಿದರೆ ಇಲ್ಲಿ ಬೇಸಾಯ ಸಾಧ್ಯವೆಂಬುದು ಅವರಿಗೆ ಮನದಟ್ಟಾಯಿತು.

ಯೋಜನೆ ಸರಳವಾಗಿತ್ತು. ಮೊದಲು 500ರಿಂದ 600 ಮಂದಿ ಗಟ್ಟಿಮುಟ್ಟಾದ ತರುಣರು ಬಂದು ಮನೆ, ರಸ್ತೆ, ನೀರಾವರಿ, ವಿದ್ಯುತ್ತಿನ ವ್ಯವಸ್ಥೆ ಮಾಡುವುದು. ಆಮೇಲೆ ಹಂತಹಂತವಾಗಿ ಉಳಿದವರು ಬರುವುದು. ಒಟ್ಟು 75,000 ಜನರ ನೆಲೆ. ಹಣವೆಲ್ಲ ಸಂಸ್ಥೆಯದೇ, ಆಸ್ಟ್ರೇಲಿಯಾದ ತೆರಿಗೆದಾರರ ಮೇಲೆ ಭಾರವಿಲ್ಲ. ಪ್ರತ್ಯೇಕ ರಾಜ್ಯದ ಬೇಡಿಕೆ ಇಲ್ಲ. ಬಂದವರು ಈ ದೇಶದ ಕಾನೂನಿಗೆ ಒಳಪಟ್ಟ ಪ್ರಜೆಗಳು.

ಆಶ್ಚರ್ಯದ ಸಂಗತಿಯೆಂದರೆ, ಮೂರೇ ತಿಂಗಳಲ್ಲಿ ಈ ಅಪರಿಚಿತ ವ್ಯಕ್ತಿ ಪರ್ತ್‌ನ ಅನೇಕ ಗಣ್ಯರ ಮನಸ್ಸು ಗೆದ್ದರು. ಚರ್ಚಿನ ಹಿರಿಯರು, ಕಾರ್ಮಿಕ ಮುಖಂಡರು, ವಿಶ್ವವಿದ್ಯಾಲಯದ ವಿದ್ವಾಂಸರು, ಪತ್ರಿಕೆಯವರು ಬೆಂಬಲಕ್ಕೆ ನಿಂತರು. 1939ರ ಆಗಸ್ಟ್ ಕೊನೆಯ ವಾರದಲ್ಲಿ ರಾಜ್ಯದ ಪ್ರೀಮಿಯರ್ ಜಾನ್ ವಿಲ್ಕಾಕ್ ಅವರ ಒಪ್ಪಿಗೆಯೂ ದೊರೆಯಿತು. ಇನ್ನು ಉಳಿದುದು ಕೇಂದ್ರ ಸರಕಾರದ ಅನುಮತಿ ಮಾತ್ರ. ಒಂದೇ ವಾರದಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು.

ಆಕ್ಷೇಪಣೆಗಳು

ವಿರೋಧ ಹಲವು ದಿಕ್ಕುಗಳಿಂದ ಬಂತು. ಬಿಳಿಯ ಜನ ಉಷ್ಣವಲಯದಲ್ಲಿ ಮೈಮುರಿದು ದುಡಿಯಲಾರರು ಎಂಬುದು ಒಂದು. ಇದು ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ್ದರಿಂದ ನಮ್ಮ ಆಸಕ್ತಿಯನ್ನು ಕೆರಳಿಸಿತು. ಮುಂದೆ ಕ್ವೀನ್ಸ್‌ಲ್ಯಾಂಡಿನ ಆರೋಗ್ಯ ಇಲಾಖೆಯ ಮುಖ್ಯಸ್ಥರಾದ ಡಾ. ರಫೇಲ್ ಸಿಲೆಂಟೊ ಅವರು 1925ರಲ್ಲೇ ಪುಸ್ತಕ ಬರೆದು, ರೋಗಗಳನ್ನು ಹತೋಟಿಯಲ್ಲಿಟ್ಟರೆ ಬಿಳಿಯರು ಉಷ್ಣವಲಯದಲ್ಲಿ ಆರೋಗ್ಯದಿಂದ ಬಾಳಬಲ್ಲರು ಎಂದು ವಾದಿಸಿದ್ದರು. ಇಲ್ಲಿನ ಕಬ್ಬಿನ ಗದ್ದೆಗಳೇ ಅದಕ್ಕೆ ಸಾಕ್ಷಿಯಾಗಿದ್ದವು.  ಈ ವಾದ ಯಹೂದಿಗಳಿಗೂ ಅನ್ವಯಿಸುವಂಥದು.

ಇನ್ನೊಂದು ಆಕ್ಷೇಪಣೆ, ಇವರು ಹೊಲದಲ್ಲಿ ನಿಲ್ಲುವವರಲ್ಲ, ನಾಲ್ಕು ದಿನದಲ್ಲಿ ಸಿಡ್ನಿ, ಮೆಲ್ಬರ್ನ್ ಸೇರುತ್ತಾರೆ ಎಂಬುದು. ಮತ್ತೊಂದು, ಬೇರೆ ಭಾಷೆ, ಬೇರೆ ಆಚಾರದ ಜನ ಒಂದೆಡೆ ಗುಂಪಾಗಿ ನೆಲೆಸಿದರೆ ಅವರು ಎಂದೆಂದಿಗೂ ಪರಕೀಯರಾಗಿಯೇ ಉಳಿಯುತ್ತಾರೆ ಎಂಬುದು. ಚದುರಿದರೂ ತಪ್ಪು, ಕೂಡಿದರೂ ತಪ್ಪು! ಯಹೂದಿ ಸಮಾಜದ ಒಳಗಿನಿಂದಲೇ ಬಂದ ವಿರೋಧವೂ ಕಡಿಮೆಯದಲ್ಲ. ಪ್ಯಾಲೆಸ್ಟೈನಿನ ಕನಸಿಗೆ ಇದರಿಂದ ಧಕ್ಕೆ ಎಂದು ಕೆಲವರು, ತಾವು ಇಲ್ಲಿ ಗಳಿಸಿಕೊಂಡ ಮರ್ಯಾದೆಗೆ ಕುಂದು ಎಂದು ಕೆಲವರು ದೂರ ನಿಂತರು. ಮೊದಲು ಬಂದು ನೆಲೆಯೂರಿದವರಿಗೆ ಆಮೇಲೆ ಬರುವ ತಮ್ಮವರ ಬಗ್ಗೆ ಇರುವ ಈ ಮುಜುಗರ ನಮ್ಮಲ್ಲಿಯೂ ಇಲ್ಲದಿಲ್ಲ.

ಸ್ಟೈನ್‌ಬರ್ಗ್ ಎದೆಗುಂದಲಿಲ್ಲ. ಹೆಂಡತಿ ಮಕ್ಕಳು ದೂರ ಉಳಿದಿದ್ದರೂ ಯುದ್ಧದ ವರ್ಷಗಳಲ್ಲಿ ಊರೂರು ಸುತ್ತಿ ಭಾಷಣ ಮಾಡಿದರು, ಪತ್ರಿಕೆಗಳಿಗೆ ಬರೆದರು. ಟಾಸ್ಮೇನಿಯಾದ ಪ್ರೀಮಿಯರ್ ರಾಬರ್ಟ್ ಕಾಸ್‌ಗ್ರೋವ್ ಅವರು ಆಸಕ್ತಿ ತೋರಿಸಿದಾಗ ಅಲ್ಲಿಗೂ ಹೋದರು. ಅಲ್ಲಿ ಅವರ ಕನಸಿಗೆ ಮನಸೋತವರಲ್ಲಿ ಮೆಲ್ಬರ್ನಿನ ಕ್ರಿಚ್‌ಲಿ ಪಾರ್ಕರ್ ಎಂಬ ತರುಣ ಒಬ್ಬರು. ಯಹೂದಿಯಲ್ಲದ ಈತ 1942ರಲ್ಲಿ ಟಾಸ್ಮೇನಿಯಾದ ನೈಋತ್ಯ ಮೂಲೆಯ ಪೋರ್ಟ್ ಡೇವಿ ಎಂಬ ನಿರ್ಜನ ಪ್ರದೇಶದಲ್ಲಿ ಊರಿಗೆ ತಕ್ಕ ಜಾಗ ಹುಡುಕಲು ಒಬ್ಬಂಟಿಯಾಗಿ ಹೋಗಿ, ಚಳಿ ಮಳೆಗೆ ಸಿಕ್ಕಿ, ಆಹಾರವಿಲ್ಲದೆ ಪ್ರಾಣ ಬಿಟ್ಟರು. ಆಗ ಅವರಿಗೆ ಕೇವಲ 31 ವರ್ಷ. ಸಾಯುವ ಮುನ್ನಿನ ದಿನಗಳಲ್ಲಿಯೂ ಆ ಊರಿನ ವಿಚಾರವನ್ನೇ ದಿನಚರಿಯಲ್ಲಿ ಬರೆಯುತ್ತಿದ್ದರು.

ಬಾಗಿಲು ಮುಚ್ಚಿತು

1943ರಲ್ಲಿ ಸ್ಟೈನ್‌ಬರ್ಗ್ ತಮ್ಮ ಕುಟುಂಬವನ್ನು ಸೇರಲು ಆಸ್ಟ್ರೇಲಿಯಾ ಬಿಟ್ಟರು. 1944ರ ಜನಾಭಿಪ್ರಾಯ ಸಂಗ್ರಹದಲ್ಲಿ ನೂರಕ್ಕೆ 47 ಮಂದಿ ಯೋಜನೆ ಬೇಡವೆಂದರು. ಅದೇ ವರ್ಷ ಜುಲೈ ತಿಂಗಳಲ್ಲಿ ಪ್ರಧಾನಿ ಜಾನ್ ಕರ್ಟಿನ್ ಅವರಿಂದ ಉತ್ತರ ಬಂತು. ಹೊರನಾಡಿನವರ ನೆಲಸುವಿಕೆಯ ಬಗ್ಗೆ ದೇಶ ಬಹುಕಾಲದಿಂದ ಅನುಸರಿಸಿಕೊಂಡು ಬಂದ ನೀತಿಯನ್ನು ಬದಲಿಸಲಾಗದು ಎಂಬುದು ಅದರ ಸಾರಾಂಶ. ಕರ್ಟಿನ್ ಅವರು ಸ್ವತಃ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಕ್ಷೇತ್ರದ ಪ್ರತಿನಿಧಿ. ಕಠಿಣ ಮನಸ್ಸಿನವರೇನಲ್ಲ, ಬಡವರ ಪರ ದುಡಿದವರು. ಆದರೂ ಬಾಗಿಲು ತೆರೆಯಲಿಲ್ಲ. ಆ ಜುಲೈಗೆ ಮುಂಚಿನ ಎಂಟು ವಾರಗಳಲ್ಲಿ ಹಂಗೇರಿಯೊಂದರಿಂದಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಲಾಗಿತ್ತು. ಅವರಲ್ಲಿ ಬಹುಪಾಲು ಜನರನ್ನು ಒಯ್ದುದು ಔಷ್‌ವಿಟ್ಸ್‌ಗೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. 1944ರಲ್ಲಿ ಕರ್ಟಿನ್ ಒಪ್ಪಿದ್ದರೂ ಹಿಟ್ಲರನ ಹಿಡಿತದಲ್ಲಿದ್ದವರನ್ನು ಕಿಂಬರ್ಲಿಗೆ ತರಲು ಆಗುತ್ತಿರಲಿಲ್ಲ. ಒಪ್ಪಿಗೆ ಬೇಕಾಗಿದ್ದುದು 1939ಕ್ಕೆ ಮೊದಲು. ಹೃದಯಾಘಾತವಾದ ರೋಗಿಗೆ ಮೊದಲ ಗಂಟೆಯಲ್ಲಿ ಕೊಡುವ ಮದ್ದಿಗೂ ಮರುದಿನ ಕೊಡುವ ಮದ್ದಿಗೂ ಇರುವ ವ್ಯತ್ಯಾಸವನ್ನು ನಾವು ನಿತ್ಯ ಕಾಣುತ್ತೇವೆ. ಮದ್ದು ಅದೇ, ವೈದ್ಯರೂ ಅವರೇ, ಹೊತ್ತು ಮಾತ್ರ ಮೀರಿರುತ್ತದೆ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 60 ಲಕ್ಷ ಯಹೂದಿಗಳು ಹತರಾಗಿದ್ದರು. ಅವರಲ್ಲಿ ಬಹುಪಾಲು ಜನರ ಮನೆಮಾತು ಯಿದ್ದಿಶ್. ಜನರ ಜೊತೆಗೆ ಭಾಷೆಯ ಬೆನ್ನೆಲುಬೂ ಮುರಿಯಿತು.

ಯುದ್ಧದ ನಂತರವೂ ಸ್ಟೈನ್‌ಬರ್ಗ್ ಸುಮ್ಮನಾಗಲಿಲ್ಲ. ಬದುಕಿ ಉಳಿದವರಲ್ಲಿ 30,000 ಮಂದಿಗಾಗಿ ದಕ್ಷಿಣ ಅಮೆರಿಕದ ಡಚ್ ವಸಾಹತು ಸುರಿನಾಮ್‌ನಲ್ಲಿ ಜಾಗ ಕೇಳಿದರು. 1873ರಿಂದ ನಮ್ಮ ಉತ್ತರ ಭಾರತದ ಕೂಲಿಕಾರರು ಹಡಗೇರಿ ಹೋಗಿ ಬೇಸಾಯಗಾರರಾಗಿ ನೆಲೆಸಿದ್ದ ನಾಡು ಅದು. ಮಾತುಕತೆ ಬಹಳ ಮುಂದುವರಿದು 1948ರಲ್ಲಿ ನಿಂತುಹೋಯಿತು. ಆ ವರ್ಷವೇ ಇಸ್ರೇಲ್ ಸ್ಥಾಪನೆಯಾದುದರಿಂದ ಬೇರೆ ನೆಲದ ವಿಚಾರಕ್ಕೆ ಕಿವಿಗೊಡುವವರೂ ಕಡಿಮೆಯಾದರು. ಆಸ್ಟ್ರೇಲಿಯಾದ ತಮ್ಮ ಅನುಭವವನ್ನು ಅವರು 1948ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬೈಬಲ್ಲಿನ ವಾಗ್ದತ್ತ ಭೂಮಿಯನ್ನು ನೆನಪಿಸುವಂತೆ, ಯಾರೂ ಮಾತು ಕೊಡದ ಭೂಮಿ ಎಂಬ ಅರ್ಥದ ಹೆಸರನ್ನು ಅದಕ್ಕೆ ಇಟ್ಟರು. 1950ರಲ್ಲಿ ಮೆನ್ಜೀಸ್ ಸರಕಾರದ ಮುಂದೆ ಮತ್ತೆ ವಿಷಯ ಬಂದಾಗಲೂ ಉತ್ತರ ಬದಲಾಗಲಿಲ್ಲ. 1957ರ ಜನವರಿ 2ರಂದು, ತಮ್ಮ 68ನೆಯ ವಯಸ್ಸಿನಲ್ಲಿ, ಸ್ಟೈನ್‌ಬರ್ಗ್ ನ್ಯೂಯಾರ್ಕಿನಲ್ಲಿ ಕಾಲವಾದರು. ಅವರ ಮಗ ಲಿಯೊ ಸ್ಟೈನ್‌ಬರ್ಗ್ ಮುಂದೆ ಅಮೆರಿಕದ ಹೆಸರಾಂತ ಕಲಾ ಇತಿಹಾಸಕಾರರಾದರು.

ಆ ನೆಲ ಏನಾಯಿತು?

ಮಂಡ್ಯ ಜಿಲ್ಲೆಯವರಾದ ನಮಗೆ ನೀರು ನೆಲವನ್ನು ಹೇಗೆ ಬದಲಿಸುತ್ತದೆ ಎಂಬುದು ಗೊತ್ತು. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ 1930ರ ದಶಕದಲ್ಲಿ, ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲಗಳು ಭತ್ತ ಕಬ್ಬಿನ ಗದ್ದೆಗಳಾದುದನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದೆವು. ಅದೇ ದಶಕದ ಕೊನೆಗೆ ಸ್ಟೈನ್‌ಬರ್ಗ್ ಆರ್ಡ್ ನದಿಯ ದಡದಲ್ಲಿ ನಿಂತು ಅದನ್ನೇ ಯೋಚಿಸಿದ್ದರು. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಸರಕಾರವೇ 1963ರಲ್ಲಿ ನದಿಗೆ ಒಂದು ಕಟ್ಟೆ ಹಾಕಿತು, 1972ರಲ್ಲಿ ಮೇಲ್ಭಾಗದಲ್ಲಿ ದೊಡ್ಡ ಅಣೆಕಟ್ಟು ಮುಗಿಯಿತು. ಡ್ಯೂರಾಕರ ಆರ್ಗೈಲ್ ಮನೆಯಿದ್ದ ಜಾಗ ಆರ್ಗೈಲ್ ಸರೋವರದಲ್ಲಿ ಮುಳುಗಿತು. ಮನೆಯ ಕಲ್ಲುಗಳನ್ನು ಮಾತ್ರ ಮೇಲೆ ತಂದು ಮತ್ತೆ ಜೋಡಿಸಿ ಇಟ್ಟಿದ್ದಾರೆ. ಹಾಗೆಂದು ಬೇಸಾಯ ಸುಲಭವಾಗಿರಲಿಲ್ಲ. ಹತ್ತಿ ಬೆಳೆ ಹುಳುಗಳ ಕಾಟದಿಂದ 1970ರ ದಶಕದ ನಡುವಿಗೆ ಕೈಕೊಟ್ಟಿತು. ಸಕ್ಕರೆ ಕಾರ್ಖಾನೆ 1995ರಿಂದ 2007ರವರೆಗೆ ನಡೆದು ಮುಚ್ಚಿತು. ಕಲ್ಲಂಗಡಿ, ಮಾವು ಬಂದವು. 1990ರ ದಶಕದ ಕೊನೆಯಿಂದ ನಮ್ಮ ಶ್ರೀಗಂಧವೂ ಬಂತು. ಯಹೂದಿ ರೈತರು ಬಂದಿದ್ದರೆ ಅವರಿಗೂ ಇದೇ ಪಾಡು ಇರುತ್ತಿತ್ತು. ನಷ್ಟವಾದೀತೆಂಬ ಕಾರಣಕ್ಕೆ ಆ ಯೋಜನೆ ಬಿದ್ದುಹೋಗಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನೊಂದು ವಿಷಯ. ಆ ಕಾಲದಲ್ಲಿ ಪರವಾಗಿದ್ದವರು, ವಿರೋಧವಾಗಿದ್ದವರು ಎಲ್ಲರೂ ಕಿಂಬರ್ಲಿಯನ್ನು ಖಾಲಿ ನೆಲವೆಂದೇ ಕರೆದರು. ಅದು ಎಂದೂ ಖಾಲಿಯಾಗಿರಲಿಲ್ಲ. ಮಿರಿಯುವುಂಗ್ ಮತ್ತು ಗಜೆರಾಂಗ್ ಜನರು ಸಾವಿರಾರು ವರ್ಷಗಳಿಂದ ಅಲ್ಲಿದ್ದಾರೆ. ಅವರನ್ನು ಯಾರೂ ಕೇಳಿರಲಿಲ್ಲ. ದೀರ್ಘ ಕಾನೂನು ಹೋರಾಟದ ಮೇಲೆ 2003ರಲ್ಲಿ ನ್ಯಾಯಾಲಯದಲ್ಲಿ ಅವರ ಭೂಮಿಯ ಹಕ್ಕು ಇತ್ಯರ್ಥವಾಯಿತು, 2005ರಲ್ಲಿ ಸರಕಾರದೊಡನೆ ಒಪ್ಪಂದವಾಯಿತು. ಆ ಆಸ್ಪತ್ರೆಯಲ್ಲಿ ನಾವು ನೋಡಿದ ರೋಗಿಗಳಲ್ಲಿ ಹೆಚ್ಚಿನವರು ಮೂಲನಿವಾಸಿಗಳೇ. ತಮ್ಮ ಊರು ತಮ್ಮದೆಂದು ತೋರಿಸಲು ಅವರಿಗೇ ಅಷ್ಟು ವರ್ಷ ಬೇಕಾಯಿತು. ನೆಲ ಕಳೆದುಕೊಂಡವರಿಗೆ ನೆಲ ಹುಡುಕುವಾಗ ಇನ್ನೊಬ್ಬರ ನೆಲ ನಮ್ಮ ಕಣ್ಣಿಗೆ ಕಾಣದೆ ಹೋಗಬಹುದು ಎಂಬುದು ಈ ಜೀವನದಿಂದ ಕಲಿಯಬೇಕಾದ ಪಾಠಗಳಲ್ಲಿ ಒಂದು.

ನಾವು ಮತ್ತು ನಮ್ಮ ಊರು

ಕರ್ಟಿನ್ ಅವರು ಬದಲಿಸಲಾರೆವೆಂದ ಆ ನೀತಿಯ ಬೇರು 1901ರ ವಲಸೆ ಕಾಯಿದೆಯಲ್ಲಿತ್ತು. ನಮ್ಮ ಬಣ್ಣದವರನ್ನು ಹೊರಗಿಟ್ಟದ್ದೂ ಅದೇ ಕಾಯಿದೆ. ಅದಕ್ಕೂ ಮೊದಲು ಬಂದಿದ್ದ ಪಂಜಾಬಿನ ಸಿಖ್ಖರು ಹೇಗೋ ಉಳಿದುಕೊಂಡರು. ಮುಂದೆ ಅವರ ಪೀಳಿಗೆಯವರು ನ್ಯೂ ಸೌತ್ ವೇಲ್ಸ್‌ನ ವುಲ್‌ಗುಲ್ಗಾದಲ್ಲಿ ಬಾಳೆ ಬೆಳೆದು, 1968ರಲ್ಲಿ ಗುರುದ್ವಾರ ಕಟ್ಟಿ, ಬೇಸಾಯದ ಊರೊಂದನ್ನು ಮಾಡಿಕೊಂಡರು. ಉಳಿದವರಿಗೆ ಬಾಗಿಲು ಸಡಿಲವಾದುದು 1966ರಲ್ಲಿ, ಪೂರ್ತಿ ತೆರೆದುದು 1973ರಲ್ಲಿ. ನಾವೆಲ್ಲ ಬಂದುದು ಆಮೇಲೆ, ಗುಂಪಾಗಿ ಅಲ್ಲ, ಒಬ್ಬೊಬ್ಬರಾಗಿ, ಕೈಯಲ್ಲಿ ಪದವಿ ಪತ್ರ ಹಿಡಿದು. ನಮ್ಮ ಎಂ.ಬಿ.ಬಿ.ಎಸ್., ರೆಸಿಡೆನ್ಸಿಗಳನ್ನು ತೂಗಿ ನೋಡಿ ಒಳಗೆ ಬಿಟ್ಟುಕೊಂಡರು. ಯಾವ ಊರು, ಮನೆಯಲ್ಲಿ ಯಾವ ಮಾತು, ಅದು ಮುಂದೆ ಉಳಿಯುವ ಬಗೆ ಹೇಗೆ ಎಂದು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಕೇಳಿಕೊಳ್ಳಲಿಲ್ಲ.

ಸ್ಟೈನ್‌ಬರ್ಗ್ ಅವರ ಜನ ಉಳಲು ನೆಲವಿಲ್ಲದೆ ದೇಶ ದೇಶ ಅಲೆದರು. ನಮಗೆ ನೆಲವಿತ್ತು. ನಮ್ಮನ್ನು ಡಾಕ್ಟರು ಮಾಡಲು ತಂದೆಯವರು ನಾಲೆಯ ಕೆಳಗಿನ ಎರಡು ಎಕರೆ ಗದ್ದೆ ಮಾರಿದರು. ಅದರ ಬಗ್ಗೆ ಅವರು ಒಂದು ದಿನವೂ ಮಾತಾಡಲಿಲ್ಲ. ಕುನನರಾದ ಆ ಗಂಧದ ತೋಪಿನ ಮುಂದೆ ಮಗ, ಇಂಗ್ಲಿಷಿನಲ್ಲಿ, ನಮ್ಮ ಊರಿನ ಹೊಲದಲ್ಲಿ ಏನು ಬೆಳೆಯುತ್ತಿದ್ದರು ಎಂದು ಕೇಳಿದ. ಭತ್ತ, ಕಬ್ಬು ಎಂದೆವು. ಆ ಗದ್ದೆಗೆ ಹೆಸರಿತ್ತೇ ಎಂದು ಕೇಳಿದ. ಇತ್ತು. ನಮ್ಮ ಕಡೆ ಹೆಸರಿಲ್ಲದ ಹೊಲವಿಲ್ಲ. ಹುಣಸೇಮರದ ಗದ್ದೆ ಎಂದು ಹೇಳಿದೆವು. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಇಪ್ಪತ್ತು ವರ್ಷಗಳಾಗಿದ್ದವು ಎಂದು ಆಗ ಅರಿವಿಗೆ ಬಂತು.

ಶ್ರೀಗಂಧ ಒಂಟಿಯಾಗಿ ಬೆಳೆಯುವ ಮರವಲ್ಲವೆಂಬುದು ಊರಿನವರಿಗೆಲ್ಲ ಗೊತ್ತು. ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಗುಲಿಸಿ ನೀರು, ಸಾರ ಪಡೆಯುತ್ತದೆ. ಕುನನರಾದಲ್ಲಿಯೂ ಪ್ರತಿ ಸಾಲಿನ ಪಕ್ಕದಲ್ಲಿ ಆಸರೆಯ ಮರಗಳನ್ನು ನೆಟ್ಟಿದ್ದರು. ಈ ದೇಶದ ಆಸರೆಯಲ್ಲಿ ನಾವು ಚೆನ್ನಾಗಿಯೇ ಬೆಳೆದಿದ್ದೇವೆ. ಪರಿಮಳ ಮಾತ್ರ ನಮ್ಮದೇ ಆಗಿರಬೇಕಷ್ಟೆ.

ನಾವು ವಾಸಿಸುವ ಈ ಸೇಂಟ್ ಲೂಸಿಯಾದ ಹೆಸರೂ ಒಬ್ಬ ವಲಸೆಗಾರ ಹೊತ್ತು ತಂದುದೇ. ವೆಸ್ಟ್ ಇಂಡೀಸಿನ ಆ ದ್ವೀಪದಲ್ಲಿ ಹುಟ್ಟಿದ ಕಬ್ಬಿನ ತೋಟಗಾರನೊಬ್ಬ ಬ್ರಿಸ್ಬೇನ್ ನದಿಯ ದಡದ ಜಾಗಕ್ಕೆ ತನ್ನ ಹುಟ್ಟೂರಿನ ಹೆಸರಿಟ್ಟ. ಕಬ್ಬು ಹೋಯಿತು, ವಿಶ್ವವಿದ್ಯಾಲಯ ಬಂತು, ಹೆಸರು ಉಳಿಯಿತು. ಸ್ಟೈನ್‌ಬರ್ಗ್ ಅವರಿಗೆ ಹೆಸರಿಡಲೂ ಒಂದು ಊರು ದಕ್ಕಲಿಲ್ಲ. ನಮಗೆ ದಕ್ಕಿರುವುದು ತಿಂಗಳಿಗೊಮ್ಮೆ ಬಾಡಿಗೆಗೆ ಹಿಡಿಯುವ ಸಭಾಂಗಣ, ಭಾನುವಾರದ ಕನ್ನಡ ಪಾಠ, ಯುಗಾದಿಗೆ ಬೇವು ಬೆಲ್ಲ, ರಾಜ್ಯೋತ್ಸವಕ್ಕೆ ಒಂದು ನಾಟಕ. ಊರು ಎಂದರೆ ಇಷ್ಟೇ ಅಲ್ಲದಿರಬಹುದು, ಆದರೆ ಇದು ಚಿಕ್ಕದೂ ಅಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಮುಂದಿನ ವರ್ಷದ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿರಿಸೋಣ. ಪ್ರತಿ ಕುಟುಂಬವೂ ತಮ್ಮ ಊರಿನ ಹೆಸರು, ತಾತ ಮುತ್ತಾತಂದಿರು ಉತ್ತ ಹೊಲಗದ್ದೆಗಳ ಹೆಸರು, ಬಾವಿಯ ಹೆಸರು, ಕೆರೆಯ ಹೆಸರು, ಅಲ್ಲಿ ಬೆಳೆಯುತ್ತಿದ್ದ ಬೆಳೆ ಇವನ್ನು ಬರೆದುಕೊಡಲಿ. ಬರೆಯುವುದು ಮಕ್ಕಳೇ ಆಗಲಿ, ಕನ್ನಡದಲ್ಲಿ, ತಪ್ಪಿದ್ದರೂ ಚಿಂತೆಯಿಲ್ಲ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಫೋನು ಮಾಡಿ ಕೇಳಲಿ. ಅವರು ಇರುವಾಗಲೇ ಕೇಳಲಿ. ಹುಣಸೇಮರದ ಗದ್ದೆಯಿಂದ ಆ ಪಟ್ಟಿ ಆರಂಭವಾಗಲೆಂದು ನಮ್ಮ ಮಗ ತನ್ನ ವಂಕಿವಂಕಿ ಅಕ್ಷರದಲ್ಲಿ ಬರೆದ ಹಾಳೆಯನ್ನು ಈ ಲೇಖನದೊಡನೆ ಸಂಪಾದಕರಿಗೆ ಕಳುಹಿಸಿದ್ದೇವೆ.